ಊರ ನಡುವೆ ಕಲೆಗೊಂದು ಮನೆ



ರಾಯಚೂರು ನಗರದ ನಡುವೆ ಎಲ್ಲರಿಗೂ ಸೇರಿದ ಒಂದು ಕಲಾಕೇಂದ್ರ ಆಗಬೇಕು ಎಂದಿಟ್ಟುಕೊಳ್ಳಿ. ಮೊದಲು ಏನು ಮಾಡಬೇಕು? ‘ಕಟ್ಟಡ ಕಟ್ಟಬೇಕು’ ಎಂದು ನೀವು ಹೇಳಬಹುದು. ಆದರೆ ಅದಕ್ಕೂ ಮುಂಚೆ ಅಲ್ಲಿಗೆ ಯಾರು ಬರುತ್ತಾರೆ, ಬಂದು ಏನು ಮಾಡುತ್ತಾರೆ ಎಂಬುದು ತಿಳಿಯಬೇಕು.

ನಗರದಲ್ಲಿ ಈಗಾಗಲೇ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ರಂಗಮಂದಿರ ಮುಖ್ಯವಾಗಿ ಪ್ರದರ್ಶನದ ಜಾಗ. ಕಲಾಕೇಂದ್ರಕ್ಕೆ ಇನ್ನೂ ಕೆಲವು ಬೇಕು: ತಾಲೀಮಿಗೆ ಕೋಣೆ, ಮಕ್ಕಳಿಗೆ ಪಾಠ, ವಾದ್ಯ ಮತ್ತು ವೇಷಭೂಷಣ ಇಡಲು ಜಾಗ.

ಈ ಸೀಮೆಯಲ್ಲಿ ಕಲೆಗೆ ಕೊರತೆಯಿಲ್ಲ. ‘ಹರಿಕಥಾಮೃತಸಾರ’ ರಚಿಸಿದ ಜಗನ್ನಾಥದಾಸರು 18ನೇ ಶತಮಾನದಲ್ಲಿ ಮಾನ್ವಿಯಲ್ಲಿ ನೆಲೆಸಿದ್ದರು. ಗೋಪಾಲದಾಸರ ಊರಾದ ಮೊಸರಕಲ್ಲು ದೇವದುರ್ಗದ ಕಡೆಯದು. ತತ್ವಪದ, ಬಯಲಾಟ, ಮೊಹರಂ ಹಬ್ಬದ ಅಲಾಯಿ ಕುಣಿತ ಹಳ್ಳಿಗಳಲ್ಲಿ ಬೆಳೆದು ಬಂದಿವೆ. ಈ ಕಲಾವಿದರಿಗೆ ಬಾಗಿಲು ತೆರೆಯದಿದ್ದರೆ ಕೇಂದ್ರ ನಗರದ ಕೆಲವರದಷ್ಟೇ ಆಗಿಬಿಡುತ್ತದೆ.

ಹಾಗಾದರೆ ಯೋಜನೆ ಹೇಗಿರಬೇಕು? ಮೊದಲು ಸ್ಥಳ. ಮಾನ್ವಿ, ದೇವದುರ್ಗಗಳಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರಿನ ಆಸುಪಾಸು ದಾರಿ. ಕೇಂದ್ರ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಕಾರ್ಯಕ್ರಮ ಕೊನೆಯ ಬಸ್ಸಿಗೆ ಮುಂಚೆ ಮುಗಿಯಬೇಕು. ಇಲ್ಲವಾದರೆ ಆ ಊರುಗಳ ವಿದ್ಯಾರ್ಥಿನಿಯರು ಬರುವುದು ಕಷ್ಟ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ದಪ್ಪ ಗೋಡೆ, ನೆರಳಿನ ಪಡಸಾಲೆ, ಸಂಜೆಗೆ ಬಯಲು ರಂಗ ಇದ್ದರೆ ವಿದ್ಯುತ್ ಖರ್ಚು ಇಳಿಯುತ್ತದೆ.

ಮೂರನೆಯದು ಧ್ವನಿ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಗೋಡೆ 17 ಮೀಟರಿಗಿಂತ ದೂರವಿದ್ದರೆ ಪ್ರತಿಧ್ವನಿ ಬೇರೆಯಾಗಿ ಕೇಳಿಸಿ ಮಾತು ಕಲಸಿಹೋಗಬಹುದು. ಆದ್ದರಿಂದ ದೊಡ್ಡ ಸಭಾಂಗಣದ ಹಿಂಗೋಡೆಗೆ ಶಬ್ದ ಹೀರುವ ಹೊದಿಕೆ ಬೇಕಾಗುತ್ತದೆ.

ನಾಲ್ಕನೆಯದು ಹಣ. ಕಟ್ಟುವ ಖರ್ಚು ಒಂದು ಸಲದ್ದು. ಕಾವಲು, ಕಸಗುಡಿಕೆ, ದುರಸ್ತಿಯ ಖರ್ಚು ಪ್ರತಿ ವರ್ಷದ್ದು. ಇದಕ್ಕೆ ಮೊದಲೇ ದಾರಿ ಮಾಡದಿದ್ದರೆ ಬಾಡಿಗೆ ಏರಿ, ಬಡ ಕಲಾವಿದ ಹೊರಗುಳಿಯುತ್ತಾನೆ. ಸಂವಿಧಾನದ 74ನೇ ತಿದ್ದುಪಡಿ (1992) ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಸಂಸ್ಕೃತಿಯ ಪ್ರೋತ್ಸಾಹವೂ ಅವುಗಳಲ್ಲೊಂದು. ಎಂದರೆ ನಗರಾಡಳಿತವನ್ನು ಈ ಬಗ್ಗೆ ಕೇಳಲು ಆಧಾರವಿದೆ.

ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡಿ. ಅಲ್ಲಿ ನೀನಾಸಂ ಆರಂಭವಾದದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಬಂದದ್ದು ಎರಡು ದಶಕಗಳ ನಂತರ. ಅಷ್ಟರಲ್ಲಿ ಊರಿನವರಿಗೆ ನಾಟಕ ಆಡುವ, ನೋಡುವ ರೂಢಿ ಬಂದಿತ್ತು.

ನೀವೂ ಇಂದೇ ಶುರುಮಾಡಬಹುದು. ನಿಮ್ಮ ಓಣಿಯಲ್ಲಿ ಹಾಡುವವರು, ನುಡಿಸುವವರು, ಚಿತ್ರ ಬರೆಯುವವರು ಯಾರಿದ್ದಾರೆ, ಅವರು ಎಲ್ಲಿ ಅಭ್ಯಾಸ ಮಾಡುತ್ತಾರೆ, ಅವರಿಗೆ ಏನು ಬೇಕು ಎಂದು ಕೇಳಿ ಬರೆದಿಡಿ. ಒಳ್ಳೆಯ ಯೋಜನೆಯ ಮೊದಲ ಪುಟ ಆ ಪಟ್ಟಿಯೇ.