ತಪ್ಪಿದ ಮಗುವಿಗೆ ಶಿಕ್ಷೆಯೋ, ತಿದ್ದುಪಡಿಯೋ?

ಹದಿನಾರರ ಹುಡುಗನೊಬ್ಬ ಮೊಬೈಲ್ ಕದ್ದು ಸಿಕ್ಕಿಬಿದ್ದನೆಂದುಕೊಳ್ಳಿ. ಮೊಹಲ್ಲಾದಲ್ಲಿ ಎರಡು ಮಾತು ಕೇಳಿಬರುತ್ತವೆ. 'ಜೈಲಿಗೆ ಹಾಕಲಿ, ಬುದ್ಧಿ ಬರಲಿ' ಎಂಬುದು ಒಂದು. 'ಚಿಕ್ಕ ಹುಡುಗ, ಬಿಟ್ಟುಬಿಡಿ' ಎಂಬುದು ಇನ್ನೊಂದು. ನಮ್ಮ ದೇಶದ ಕಾನೂನು ಎರಡನ್ನೂ ಒಪ್ಪುವುದಿಲ್ಲ.

2015ರ ಬಾಲ ನ್ಯಾಯ ಕಾಯ್ದೆಯಂತೆ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ವಶಕ್ಕೆ ಪಡೆದರೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ವಕೀಲರನ್ನಿಡಲು ಹಣವಿಲ್ಲದ ಮನೆಯವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು.

ತಪ್ಪು ಸಾಬೀತಾದರೆ ಮಂಡಳಿಯ ಮುಂದೆ ಹಲವು ದಾರಿಗಳಿವೆ: ಬುದ್ಧಿಹೇಳಿ ಮನೆಗೆ ಕಳುಹಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಹೆತ್ತವರ ಹೊಣೆಯಲ್ಲಿ ಪ್ರೊಬೇಷನ್. ಕೊನೆಯದು, ಗರಿಷ್ಠ ಮೂರು ವರ್ಷ ವಿಶೇಷ ಗೃಹ. ಅಲ್ಲಿಯೂ ಓದು, ಕೆಲಸದ ತರಬೇತಿ ಸಿಗಬೇಕೆಂಬುದು ಕಾಯ್ದೆಯ ಆಶಯ. ತೀರ್ಮಾನಕ್ಕೆ ಮೊದಲು ಹುಡುಗನ ಮನೆ, ಶಾಲೆ, ಸಹವಾಸದ ಬಗ್ಗೆ ವರದಿ ತಯಾರಾಗುತ್ತದೆ. ಆಗ ಹೆತ್ತವರು ಮರ್ಯಾದೆಗೆ ಅಂಜಿ ಸುಳ್ಳು ಹೇಳಬಾರದು. ಶಾಲೆ ಬಿಟ್ಟದ್ದು, ಗಾಂಜಾ ಸೇದಿದ್ದು ಮುಚ್ಚಿಟ್ಟರೆ ಸರಿಯಾದ ಮದ್ದು ಸಿಗುವುದಿಲ್ಲ.

ಹಾಗಾದರೆ ಘೋರ ಅಪರಾಧಗಳ ಗತಿಯೇನು? 2012ರ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ 18 ತುಂಬಲು ಕೆಲವೇ ತಿಂಗಳು ಬಾಕಿಯಿದ್ದ ಹುಡುಗನಿಗೆ ಮೂರು ವರ್ಷದ ಆದೇಶವಾದಾಗ ದೇಶವೇ ಸಿಟ್ಟಾಯಿತು. ಆ ಬಳಿಕ ಬಂದದ್ದೇ ಈ ಕಾಯ್ದೆ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಅಪರಾಧವನ್ನು 16 ದಾಟಿದವರು ಮಾಡಿದ್ದರೆ, ಮಂಡಳಿ ಅವರ ಮಾನಸಿಕ ಪಕ್ವತೆಯನ್ನು ಪರಿಶೀಲಿಸಿ ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಅಲ್ಲಿ ವಯಸ್ಕರಂತೆ ವಿಚಾರಣೆ ನಡೆಯಬಹುದು. ಆದರೂ ಮರಣದಂಡನೆಯಿಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ಇದರಲ್ಲಿ ನಮಗೆ ಹೊಸತೇನೂ ಕಾಣಿಸದು. ಪ್ರಾಯಕ್ಕೆ ಬರುವವರೆಗೆ ಮಗುವಿನ ಮೇಲೆ ಲೇಖನಿ ಎತ್ತಲ್ಪಟ್ಟಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಕದ್ದ ವಸ್ತುವಿನ ಮಾಲಕನ ಹಕ್ಕು ಅದರಿಂದ ಅಳಿಯುವುದಿಲ್ಲ. ತೌಬಾಕ್ಕೆ ಪಶ್ಚಾತ್ತಾಪ ಬೇಕು, ತಪ್ಪನ್ನು ಬಿಡಬೇಕು, ಮತ್ತೆ ಮಾಡೆನೆಂಬ ನಿರ್ಧಾರ ಬೇಕು. ಇನ್ನೊಬ್ಬರದನ್ನು ಕಿತ್ತುಕೊಂಡಿದ್ದರೆ ಹಿಂದಿರುಗಿಸಲೂ ಬೇಕೆಂದು ಉಲಮಾಗಳು ವಿವರಿಸುತ್ತಾರೆ. ಆದ್ದರಿಂದ ಮಗನನ್ನು ಕರೆದುಕೊಂಡು ನಷ್ಟಪಟ್ಟವರ ಬಾಗಿಲಿಗೆ ಹೋಗಿ, ಕ್ಷಮೆ ಕೇಳಿ, ನಷ್ಟ ತುಂಬಿಕೊಡುವುದು ತಂದೆಗೆ ಅವಮಾನವಲ್ಲ. ಆದರೆ ದೂರು ಹಿಂಪಡೆಯುವಂತೆ ಅವರನ್ನು ಒತ್ತಾಯಿಸಬಾರದು.

ಇನ್ನೊಂದು ಹೊಣೆ ಜಮಾಅತಿನದು. ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನಾದವನನ್ನು ಬಿಟ್ಟರೆ, ಉಳಿದ ಮಕ್ಕಳ ಕಡತಗಳನ್ನು ನಿಗದಿತ ಕಾಲದ ನಂತರ ನಾಶಪಡಿಸಬೇಕೆಂದು ಕಾನೂನು ಹೇಳುತ್ತದೆ. ಅಂಥ ಮಗುವಿನ ಹೆಸರು, ಫೋಟೋ ಪ್ರಕಟಿಸುವುದೂ ಅಪರಾಧ. ವಾಟ್ಸ್ಆ್ಯಪ್‌ನಲ್ಲಿ ಹಂಚುವ ಮೊದಲು ಯೋಚಿಸೋಣ. ನಾವು ಮಾತ್ರ ಹತ್ತು ವರ್ಷದ ನಂತರವೂ, ಮದುವೆ ಸಂಬಂಧ ಕೇಳಿಬಂದಾಗಲೂ, 'ಅವನು ಹಿಂದೆ ಕದ್ದವನಲ್ಲವೇ' ಎನ್ನುತ್ತೇವೆ. ತಿದ್ದಿಕೊಂಡು ಬಂದ ಹುಡುಗನನ್ನು ಮಸೀದಿಯ ಸಫ್‌ನಲ್ಲಿ ಪಕ್ಕಕ್ಕೆ ಕರೆಯೋಣ, ಶಾಲೆಗೆ ಮರಳಿ ಸೇರಿಸೋಣ, ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ಒಂದು ಕೆಲಸ ಹುಡುಕಿಕೊಡೋಣ. ಇಲ್ಲದಿದ್ದರೆ ಅವನನ್ನು ಕರೆಯಲು ಹಳೆಯ ಸಹವಾಸ ಕಾದೇ ಇರುತ್ತದೆ.