ಗೋಡೆಯ ಮೇಲಿನ ಸರ್ಟಿಫಿಕೇಟು ಲೈಸೆನ್ಸ್ ಅಲ್ಲ

‘ಅವರು ಸರ್ಟಿಫೈಡ್ ಕೌನ್ಸೆಲರ್ರು ಕಣ್ರೀ, ಗೋಡೆ ತುಂಬಾ ಸರ್ಟಿಫಿಕೇಟಿದೆ!’ ಈ ಮಾತು ಕೇಳಿದರೆ ನನಗೀಗ ತಾಳ್ಮೆ ಉಳಿಯುವುದಿಲ್ಲ. ಸರ್ಟಿಫೈ ಮಾಡಿದವರು ಯಾರು ಎಂದು ಕೇಳಿದರೆ ಹೇಳಿದವರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಅದು ವಾರಾಂತ್ಯದ ಆನ್‌ಲೈನ್ ಕೋರ್ಸು, ಮೂಲೆಯಲ್ಲೊಂದು ಐಎಸ್‌ಒ 9001 ಮುದ್ರೆ. ಆ ಮುದ್ರೆ ಸಿಗುವುದು ಸಂಸ್ಥೆಯ ನಿರ್ವಹಣಾ ಪದ್ಧತಿಗೆ. ಅಲ್ಲಿ ಕಲಿತವರು ಖಿನ್ನತೆಯನ್ನು ಗುರುತಿಸಬಲ್ಲರೇ ಎಂಬುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಇದ್ದವರಿಗೆಲ್ಲ ಸರ್ಕಾರದ ಪರವಾನಗಿ ಇರುತ್ತದೆ.

ಸತ್ಯ: ನಮ್ಮಲ್ಲಿ ಬಹುಕಾಲದಿಂದ ಕಾನೂನಿನ ಕಟ್ಟುಪಾಡು ಇರುವುದು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಅವರ ಹೆಸರು ಪರಿಷತ್ತಿನ, ಅಂದರೆ ಆರ್‌ಸಿಐನ, ಕೇಂದ್ರ ರಿಜಿಸ್ಟರಿನಲ್ಲಿರಬೇಕು. ಬರೀ ಎಂ.ಎ. ಸೈಕಾಲಜಿ ಮಾಡಿದ್ದರೆ ಸಾಲದು. ಅದರ ಮೇಲೆ ನಿಮ್ಹಾನ್ಸ್‌ನಂಥ ಕಡೆ, ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡುತ್ತ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಮಾಡುವುದು ಬಹುತೇಕರು ಹಾದುಬಂದ ದಾರಿ. ಕಾನೂನು ಕೇಳುವ ಪ್ರಮಾಣಪತ್ರಕ್ಕೆ ಸಹಿ ಹಾಕುವ, ಪುನರ್ವಸತಿಗೆ ಸಂಬಂಧಿಸಿದ ವಿಷಯದಲ್ಲಿ ಕೋರ್ಟಿನಲ್ಲಿ ತಜ್ಞಸಾಕ್ಷಿ ಹೇಳುವ ಅಧಿಕಾರವನ್ನು ಈ ಕಾಯ್ದೆ ಕೊಟ್ಟಿರುವುದು ನೋಂದಾಯಿತರಿಗೆ. ನೋಂದಣಿಯಿಲ್ಲದೆ ಈ ಕೆಲಸಕ್ಕಿಳಿದರೆ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ಬೆಂಗಳೂರಿನಲ್ಲಿ ಒಂದು ಸಿಟ್ಟಿಂಗ್‌ನ ಫೀಸು ಇದಕ್ಕಿಂತ ಹೆಚ್ಚಿರುವುದುಂಟು.

ಹಾಗಾದರೆ ಆಪ್ತಸಮಾಲೋಚಕರು, ಥೆರಪಿಸ್ಟ್‌ಗಳು, ಲೈಫ್ ಕೋಚ್‌ಗಳು? ಈ ಹೆಸರುಗಳ ಗೊಡವೆಗೇ ಆ ಕಾಯ್ದೆ ಹೋಗಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇತರ ಮನಶ್ಶಾಸ್ತ್ರಜ್ಞರನ್ನೂ ಕೆಲವು ಬಗೆಯ ಸಮಾಲೋಚಕರನ್ನೂ ಪಟ್ಟಿಗೆ ತಂದಿತು. ರಿಜಿಸ್ಟರಿನ ಹೊರಗಿದ್ದು ವೃತ್ತಿ ಮಾಡಿದರೆ 50,000 ರೂಪಾಯಿ ದಂಡ ಎಂದಿತು. ಲೈಫ್ ಕೋಚ್ ಮಾತ್ರ ಆ ಪಟ್ಟಿಯಲ್ಲೂ ಇಲ್ಲ. ನಾಳೆ ಬೆಳಿಗ್ಗೆ ನೀವೂ ಬೋರ್ಡು ಹಾಕಿಕೊಳ್ಳಬಹುದು.

ಆರ್‌ಸಿಐ ನೋಂದಣಿ ಇಲ್ಲದವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಶಾಲೆ ಕಾಲೇಜುಗಳಲ್ಲಿ ಮಕ್ಕಳ ಮಾತಿಗೆ ಕಿವಿಗೊಟ್ಟು ಕೂರುವ, ತಮ್ಮ ಕೈಮೀರಿದ್ದನ್ನು ಮುಂದಕ್ಕೆ ಕಳಿಸುವ ಒಳ್ಳೆಯ ಸಮಾಲೋಚಕರಿದ್ದಾರೆ. ತಾಪತ್ರಯ ಶುರುವಾಗುವುದು, ಅರ್ಧ ಗಂಟೆ ಮಾತಾಡಿಸಿ ‘ನಿಮ್ಮ ಮಗನಿಗೆ ಎಡಿಎಚ್‌ಡಿ’ ಎಂದು ರಿಪೋರ್ಟು ಬರೆದುಕೊಟ್ಟಾಗ. ತಂದೆತಾಯಿ ಆ ಕಾಗದ ಹಿಡಿದು ಕಚೇರಿಗೆ ಹೋದಮೇಲೆ, ಸಹಿಯ ಕೆಳಗೆ ನೋಂದಣಿ ಸಂಖ್ಯೆಯೇ ಇಲ್ಲವೆಂಬುದು ಬಯಲಾಗುತ್ತದೆ.

ಇನ್ನುಳಿದವನ್ನು ಬೇಗ ಮುಗಿಸೋಣ.

ತಪ್ಪು ಕಲ್ಪನೆ: ಸೈಕಾಲಜಿಸ್ಟ್ ಮಾತ್ರೆ ಬರೆದುಕೊಡುತ್ತಾರೆ.
ಸತ್ಯ: ಭಾರತದಲ್ಲಿ ಇಲ್ಲ, ಅದು ಮನೋವೈದ್ಯರ ಕೆಲಸ. ಮಾನಸಿಕ ಆರೋಗ್ಯದ ಯಾವ ವೃತ್ತಿಪರರೂ ತಮ್ಮ ವೃತ್ತಿಕ್ಷೇತ್ರ ಒಪ್ಪದ ಔಷಧಿ, ಚಿಕಿತ್ಸೆಯನ್ನು ಸೂಚಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 106ನೇ ಕಲಮು ಹೇಳುತ್ತದೆ.

ತಪ್ಪು ಕಲ್ಪನೆ: ಅಮೆರಿಕದಲ್ಲೆಲ್ಲ ಬರೆಯುತ್ತಾರಲ್ಲ!
ಸತ್ಯ: ಎಲ್ಲೆಡೆ ಅಲ್ಲ. ನ್ಯೂ ಮೆಕ್ಸಿಕೊ 2002ರಲ್ಲಿ, ಲೂಸಿಯಾನ 2004ರಲ್ಲಿ, ಆಮೇಲೆ ಬೆರಳೆಣಿಕೆಯ ರಾಜ್ಯಗಳು, ಅದೂ ಹೆಚ್ಚಿನ ತರಬೇತಿ ಪಡೆದವರಿಗೆ ಮಾತ್ರ ಒಪ್ಪಿಗೆ ಕೊಟ್ಟಿವೆ.

ತಪ್ಪು ಕಲ್ಪನೆ: ಹೆಸರಿನ ಮುಂದೆ ‘ಡಾ.’ ಇದ್ದರೆ ವೈದ್ಯರೇ.
ಸತ್ಯ: ಪಿಎಚ್.ಡಿ. ಮಾಡಿದ ಕನ್ನಡ ಮೇಷ್ಟ್ರೂ ಡಾಕ್ಟರೇ. ಅವರ ಹತ್ತಿರ ಯಾರೂ ಜ್ವರಕ್ಕೆ ಮದ್ದು ಕೇಳುವುದಿಲ್ಲ.

ನಮ್ಮ ಜನರ ನಂಬಿಕೆಯ ರೀತಿಯೇ ವಿಚಿತ್ರ. ಎರಡು ಗ್ರಾಮಿನ ಓಲೆ ಕೊಳ್ಳುವಾಗ ಹಾಲ್‌ಮಾರ್ಕ್ ಎಲ್ಲಿದೆ ಎಂದು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಮಗಳ ಮನಸ್ಸನ್ನು ಮಾತ್ರ, ರೀಲ್ಸ್‌ನಲ್ಲಿ ಚೆನ್ನಾಗಿ ಮಾತಾಡುತ್ತಾರೆಂಬ ಒಂದೇ ಕಾರಣಕ್ಕೆ ಯಾರ ಕೈಗಾದರೂ ಒಪ್ಪಿಸುತ್ತಾರೆ. ಆರ್‌ಸಿಐ ರಿಜಿಸ್ಟರ್ ಅಂತರ್ಜಾಲದಲ್ಲೇ ಇದೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಆದರೂ ನೋಡುವುದಿಲ್ಲ, ಕೇಳಿದರೆ ಅವರು ಬೇಜಾರು ಮಾಡಿಕೊಂಡಾರೆಂಬ ದಾಕ್ಷಿಣ್ಯ. ನೋಂದಣಿ ಸಂಖ್ಯೆ ಕೇಳಿದ್ದಕ್ಕೇ ಮುನಿಸಿಕೊಳ್ಳುವವರ ಹತ್ತಿರ ಮನಸ್ಸಿನ ಕಷ್ಟ ಹೇಳಿಕೊಂಡು ಏನು ಪ್ರಯೋಜನ?