ಅಡಗಬೇಡಿ, ಕಾಣುವಂತೆ ನಿಂತು ಕ್ಲಿಕ್ಕಿಸಿ

ಬೀದಿ ಛಾಯಾಗ್ರಹಣ ಕಲಿಯುವವರಿಗೆ ಬೆಂಗಳೂರಿನ ಕಾರ್ಖಾನೆಗಳ ಬಡಾವಣೆ ಪೀಣ್ಯದಲ್ಲಿ ಒಂದು ಅನುಕೂಲವಿದೆ. ಇಲ್ಲಿನ ರಸ್ತೆಗಳು ಗಡಿಯಾರ ನೋಡಿಕೊಂಡು ತುಂಬುತ್ತವೆ. ಸಾಮಾನ್ಯವಾಗಿ ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟ್, ಮಧ್ಯಾಹ್ನ ಎರಡಕ್ಕೆ ಸೆಕೆಂಡ್ ಶಿಫ್ಟ್, ರಾತ್ರಿ ಹತ್ತಕ್ಕೆ ನೈಟ್ ಶಿಫ್ಟ್. ಜನರಲ್ ಶಿಫ್ಟಿನವರು ಸಂಜೆ ಐದು, ಐದೂವರೆಗೆ ಹೊರಬಿದ್ದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅವರ ಹಿಂದೆಯೇ. ಕೆ.ಆರ್. ಮಾರುಕಟ್ಟೆಯಲ್ಲಿ ಒಳ್ಳೆಯ ಕ್ಷಣಕ್ಕಾಗಿ ಅಲೆಯಬೇಕು. ಇಲ್ಲಿ ಹತ್ತು ನಿಮಿಷ ಮುಂಚೆ ಹೋಗಿ ಜಾಗ ಹಿಡಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ.

ನಾನು ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ಕೆಲಸ ಮುಗಿದ ಮೇಲೆ ಜಾಲಹಳ್ಳಿ ಕ್ರಾಸಿನ ಸುತ್ತಮುತ್ತ ಫೋಟೊ ತೆಗೆಯುತ್ತೇನೆ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ನನ್ನನ್ನು ಮೊದಲು ಕೇಳುವುದು, ‘ಜನಕ್ಕೆ ಗೊತ್ತಾಗದ ಹಾಗೆ ತೆಗೆಯೋದು ಹೇಗೆ?’ ಅಂತ. ಗೊತ್ತಾಗುವ ಹಾಗೇ ನಿಲ್ಲಿ ಎನ್ನುತ್ತೇನೆ. ಕಂಬದ ಮರೆಯಲ್ಲಿ ನಿಂತವನನ್ನು ಬೀದಿ ಬಲುಬೇಗ ಗುರುತಿಸುತ್ತದೆ, ಅನುಮಾನಿಸುತ್ತದೆ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಟೀ ಅಂಗಡಿ ಮುಂದೆ ಬೈಟು ಕುಡಿಯುತ್ತ ನಿಂತವನನ್ನು ಸ್ವಲ್ಪ ಹೊತ್ತು ನೋಡುತ್ತಾರೆ, ಒಬ್ಬಿಬ್ಬರು ‘ಯಾವ ಚಾನೆಲ್ ಸಾರ್?’ ಎಂದು ವಿಚಾರಿಸುತ್ತಾರೆ, ಆಮೇಲೆ ತಮ್ಮ ಓಟಿ, ಚೀಟಿ, ಬಸ್ಸಿನ ಮಾತಿಗೆ ಮರಳುತ್ತಾರೆ. ಅಲ್ಲಿಂದ ಮುಂದೆ ಫೋಟೊ ತೆಗೆಯಬಹುದು.

ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಳ್ಳುತ್ತಿದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1932ರಲ್ಲಿ ಇಯೇರ್ ಎಂಬ ಊರಲ್ಲಿ ಅವರು ತೆಗೆದ ಸೈಕಲ್ ಸವಾರನ ಚಿತ್ರದಲ್ಲಿ ಕಲಿಯುವುದು ಅದಕ್ಕಿಂತ ಹೆಚ್ಚಿದೆ. ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಕೆಳಗೆ ಬೀದಿಯ ತಿರುವು, ಆ ತಿರುವಿನಲ್ಲಿ ಸೈಕಲ್. ಮೆಟ್ಟಿಲೂ ತಿರುವೂ ಎಲ್ಲಿಗೂ ಹೋಗುವುದಿಲ್ಲ, ಬಂದು ಹೋಗುವುದು ಸೈಕಲ್ ಮಾತ್ರ. ನೀವೂ ಮೊದಲು ಹಿನ್ನೆಲೆ ಆರಿಸಿ. ಕಾರ್ಖಾನೆಯ ನೀಲಿ ಶೀಟಿನ ಗೇಟು, ಮೆಟ್ರೊ ಕಂಬ, ‘ಟರ್ನರ್, ಫಿಟ್ಟರ್ ಬೇಕಾಗಿದ್ದಾರೆ’ ಎಂಬ ಬೋರ್ಡು, ಯಾವುದಾದರೂ ಆದೀತು. ಆರಿಸಿದ ಮೇಲೆ ಅಲ್ಲಿಂದ ಕದಲಬೇಡಿ.

ಕಣ್ಣು ಬೀದಿಯ ಮೇಲಿರಬೇಕಾದರೆ ಕ್ಯಾಮೆರಾದ ಕೆಲಸವನ್ನೆಲ್ಲ ಮೊದಲೇ ಮುಗಿಸಿಟ್ಟಿರಬೇಕು. ಹಗಲಿನಲ್ಲಿ ಅಪರ್ಚರ್ ಎಫ್ 8, ಶಟರ್ 1/250 ಅಥವಾ 1/500 ಸೆಕೆಂಡ್, ಐಎಸ್‌ಒ ಆಟೊ. ನಡೆಯುವವರ ಕಾಲು ಅಲುಗದೆ ಬರಲು 1/250 ಬೇಕೇಬೇಕು. ಲೆನ್ಸ್ 35 ಮಿಲಿಮೀಟರಿನದಾದರೆ ಆಟೊಫೋಕಸ್ ಆಫ್ ಮಾಡಿ, ಮೂರು ಮೀಟರಿಗೆ ಫೋಕಸ್ ಕಟ್ಟಿಬಿಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್ 8ಕ್ಕೆ ಸುಮಾರು ಎರಡು ಮೀಟರಿನಿಂದ ಏಳು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮೂರು ಮೀಟರ್ ಎಂದರೆ ಎಷ್ಟೆಂದು ಕಣ್ಣಿಗೆ ಅಭ್ಯಾಸವಾಗಬೇಕು. ಮನೆಯಲ್ಲಿ ಟೇಪು ಹಿಡಿದು ಅಳೆದು ನೋಡಿ, ದಿನಕ್ಕೆರಡು ಸಲ ನೋಡಿದರೆ ಬೇಗ ಕೂರುತ್ತದೆ. ಫೋನಿನ ಮುಖ್ಯ ಕ್ಯಾಮೆರಾ ಹೆಚ್ಚುಕಡಿಮೆ 24–26 ಮಿಲಿಮೀಟರ್ ಲೆನ್ಸಿನಷ್ಟು ಅಗಲ ನೋಡುತ್ತದೆ, ಆದ್ದರಿಂದ ಇನ್ನೂ ಹತ್ತಿರ ಹೋಗಬೇಕು. ಪರದೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಿ. ಜೂಮ್ ಮಾತ್ರ ಬೇಡ. 200 ಮಿಲಿಮೀಟರ್ ಲೆನ್ಸಿನಲ್ಲಿ ರಸ್ತೆಯ ಆಚೆಯಿಂದ ತೆಗೆದ ಮುಖಗಳಲ್ಲಿ ಬೀದಿಯೇ ಇರುವುದಿಲ್ಲ. ಅದರ ಜೊತೆಗೆ, ಅಷ್ಟು ದೂರದಿಂದ ಒಬ್ಬರ ಮುಖವನ್ನು ಎಳೆದುಕೊಳ್ಳುವುದು ನನಗೆ ಸರಿ ಅನಿಸುವುದಿಲ್ಲ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ನಡುವಿನಲ್ಲಿ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಎನ್ನುವುದು ಅದನ್ನೇ. ಆ ತಿಂಗಳುಗಳ ಮಧ್ಯಾಹ್ನ ಕಣ್ಣುಗಳು ಹುಬ್ಬಿನ ನೆರಳಲ್ಲಿ ಮುಳುಗಿಹೋಗುತ್ತವೆ. ನಾಲ್ಕೂವರೆ ಕಳೆದ ಮೇಲೆ ತುಮಕೂರು ರಸ್ತೆಯ ಮೆಟ್ರೊ ಕಂಬಗಳ ನಡುವೆ ಬಿಸಿಲು ಓರೆಯಾಗಿ ಬಿದ್ದು, ನೆಲದ ಮೇಲೆ ಒಂದು ಪಟ್ಟಿ ಬೆಳಕು, ಒಂದು ಪಟ್ಟಿ ನೆರಳು ಆಗುತ್ತದೆ. ಜನ ನೆರಳಿನಿಂದ ಬೆಳಕಿಗೆ ಕಾಲಿಡುವ ಆ ಗೆರೆಯ ಬಳಿ ನಿಂತು, ಎಕ್ಸ್‌ಪೋಷರ್ ಅನ್ನು ಬೆಳಕಿನ ಭಾಗಕ್ಕೆ ಹೊಂದಿಸಿ. ನೆರಳು ಕಪ್ಪಾದರೆ ಆಗಲಿ. ಕತ್ತಲಾದ ಮೇಲೆ ಎಲ್‌ಇಡಿ ದೀಪದಡಿ ಫೋಟೊದಲ್ಲಿ ಕಪ್ಪು ಪಟ್ಟಿಗಳು ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಸಿನದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿ, ನಡೆಯುವವರನ್ನು ಬಿಟ್ಟು ಬಸ್ಸಿಗೆ ಕಾದು ನಿಂತವರನ್ನು ತೆಗೆಯಿರಿ.

ನನಗೆ ಪ್ರಿಯವಾದ ಒಂದು ಫೋಟೊ ಇದೆ. ಬಸ್ ನಿಲ್ದಾಣದಲ್ಲಿ ಗಾರ್ಮೆಂಟ್ಸಿನ ಇಬ್ಬರು ಮಹಿಳೆಯರು. ಒಬ್ಬಾಕೆ ಇನ್ನೊಬ್ಬಾಕೆಯ ಜಡೆಯಿಂದ ಬಟ್ಟೆಯ ನೂಲಿನ ಚೂರುಗಳನ್ನು ಬಿಡಿಸುತ್ತಿದ್ದಾಳೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕೆಂಪು ದಾರ, ಬಿಡಿಸಿಕೊಳ್ಳುತ್ತಿರುವವಳ ಕಣ್ಣು ಬರುವ ಬಸ್ಸಿನ ನಂಬರಿನ ಮೇಲೆ. ಎರಡು ಮುಖಗಳ ಸುತ್ತ ಫ್ರೇಮ್ ಕಟ್ಟಿದ್ದರೆ ಅದು ಬರಿಯ ಗೆಳತಿಯರ ಚಿತ್ರವಾಗುತ್ತಿತ್ತು. ಆ ದಾರದ ಚೂರೇ ದಿನವಿಡೀ ನಡೆದ ಹೊಲಿಗೆಯನ್ನು ಹೇಳುತ್ತದೆ. ಕ್ಲಿಕ್ಕಿಸಿದ ಮೇಲೆ ಕ್ಯಾಮೆರಾ ಇಳಿಸಿ, ನಕ್ಕು, ಪರದೆ ತೋರಿಸಿದೆ. ಅವರೂ ನಕ್ಕರು. ಮುಖಕ್ಕಿಂತ ಮೊದಲು ಕೈಗಳನ್ನು ನೋಡಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ. ಕೈಗಳು ಪೋಸು ಕೊಡುವುದಿಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಬೀದಿ ಬೇರೆ ಬಗೆಯದು. ಗಾಜಿನ ಕಟ್ಟಡಗಳು ಸಂಜೆಯ ಬಿಸಿಲನ್ನು ರಸ್ತೆಯ ಇನ್ನೊಂದು ಬದಿಗೆ ಹಿಂತಿರುಗಿಸುವುದರಿಂದ ಒಂದೇ ಮುಖಕ್ಕೆ ಎರಡು ಕಡೆಯಿಂದ ಬೆಳಕು ಬೀಳುತ್ತದೆ, ಪೀಣ್ಯದಲ್ಲಿ ಅದು ಸಿಗದು. ಕ್ಯಾಂಪಸ್ಸಿನ ಗೇಟಿಗೆ ಕ್ಯಾಮೆರಾ ಎತ್ತಿದರೆ ಸೆಕ್ಯುರಿಟಿಯವರು ಬರುತ್ತಾರೆ, ಆದ್ದರಿಂದ ಗೇಟಿಗೆ ಬೆನ್ನು ಹಾಕಿ ಎದುರಿನ ಟೀ ಗಾಡಿಯತ್ತ ತಿರುಗಿ. ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ಮೆಟ್ರೊ ಬಂದ ಮೇಲೆ ನಿಲ್ದಾಣದ ಮೆಟ್ಟಿಲ ಬುಡದಲ್ಲೇ ಹೊಸ ಬೀದಿಗಳು ಹುಟ್ಟಿಕೊಂಡಿವೆ.

ಈಗ ಕ್ಯಾಮೆರಾಗಿಂತ ಮುಖ್ಯವಾದ ಮಾತು. 2025ರಲ್ಲಿ ನಮ್ಮ ಮೆಟ್ರೊದಲ್ಲೇ ಮಹಿಳೆಯರ ವಿಡಿಯೊಗಳನ್ನು ಗುಟ್ಟಾಗಿ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದ ಪ್ರಕರಣ ಪೊಲೀಸ್ ಠಾಣೆ ಹತ್ತಿತು. ಅದಾದ ಮೇಲೆ ಬೆಂಗಳೂರಿನ ಹೆಣ್ಣುಮಕ್ಕಳು ಕ್ಯಾಮೆರಾ ಕಂಡರೆ ಮುಖ ತಿರುಗಿಸುವುದರಲ್ಲಿ ತಪ್ಪೇನೂ ಇಲ್ಲ. ಬೀದಿಯಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸುವ ಕಾನೂನು ಇಲ್ಲ, ನಿಜ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೇಡ ಎಂದವರ ಫೋಟೊವನ್ನು ಅವರೆದುರೇ ಅಳಿಸಿ, ವಾದ ಮಾಡಬೇಡಿ. ನಲ್ಲಿ ಬಳಿ ಸ್ನಾನ ಮಾಡುವವರು, ಫುಟ್‌ಪಾತಿನಲ್ಲಿ ಮಲಗಿದವರು, ಕುಡಿದು ಬಿದ್ದವರು ನಮ್ಮ ವಿಷಯವಲ್ಲ. ಜಾಲಹಳ್ಳಿ ಕಡೆ ವಾಯುಪಡೆಯ ನೆಲೆ, ಬಿಇಎಲ್ ಇವೆ, ಅವುಗಳತ್ತ ಕ್ಯಾಮೆರಾ ತಿರುಗಿಸಲೇಬೇಡಿ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ‘ಡೆಕ್ಕನ್ ಹೆರಾಲ್ಡ್’ನಿಂದ ‘ಲೈಫ್’ ಪತ್ರಿಕೆಯವರೆಗೆ ದುಡಿದ, 1977ರಲ್ಲಿ ಪದ್ಮಶ್ರೀ ಪಡೆದ ಅವರು ಜೀವನವಿಡೀ ಸಾಮಾನ್ಯರ ಚಿತ್ರ ತೆಗೆದರು. ಅವರ ಚಿತ್ರಗಳಲ್ಲಿ ಬಡವರು ಕುಗ್ಗಿ ಕಾಣುವುದಿಲ್ಲ. ಆ ಗೌರವ ಲೆನ್ಸಿನಿಂದ ಬಂದದ್ದಲ್ಲ, ತೆಗೆಯುವವನು ನಿಂತ ರೀತಿಯಿಂದ ಬಂದದ್ದು ಎಂದು ನಾನು ನಂಬಿದ್ದೇನೆ. ತೆಗೆದದ್ದನ್ನು ತಿದ್ದಿ ತೋರಿಸುವ ಹಿರಿಯರು ಬೇಕಿದ್ದರೆ ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ.

ಕೊನೆಗೊಂದು ಕೋರಿಕೆ. ಒಳ್ಳೆಯದೆನಿಸಿದ ಫೋಟೊವನ್ನು ಊರಿಗೆಲ್ಲ ತೋರಿಸುವ ಮುಂಚೆ ಪ್ರಿಂಟ್ ಹಾಕಿಸಿ, ಅದರಲ್ಲಿರುವವರಿಗೆ ಕೊಡಿ. ದಾಸರಹಳ್ಳಿಯ ಯಾವ ಸ್ಟುಡಿಯೊದಲ್ಲಾದರೂ ಮಾಡಿಕೊಡುತ್ತಾರೆ, ಟೀ ತಿಂಡಿಯ ಖರ್ಚಿಗಿಂತ ಹೆಚ್ಚಾಗದು. ಅವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಶಿಫ್ಟ್ ಬದಲಾಗದಿದ್ದರೆ ನಾಳೆಯೂ ಅದೇ ಹೊತ್ತಿಗೆ ಅದೇ ನಿಲ್ದಾಣದಲ್ಲಿ ನಿಂತಿರುತ್ತಾರೆ.